ಹಾನಿ ಕಾಯಲು ಕೂತ ಪಾಲಿಶಪ್ಪ

ಮೇಜು, ಬೀರು, ಮಂಚ, ಕುರ್ಚಿಗಳಿಗೆ ಆದ ಗಾಯವನ್ನು ಆಗಿಯೇ ಇಲ್ಲ ಎಂಬಂತೆ ಮಾಡಿ ಕೊಡುವುದು ಪಾಲಿಶಪ್ಪನ ಕಸುಬು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇದೆ. ಅದೀಗ ಕರೆಂಟ್ ಬಿಲ್ಲಿನ ಮೇಲಷ್ಟೇ ಉಳಿದುಕೊಂಡಿದೆ. ಬಿಸಿ ಪಾತ್ರೆ ಇಟ್ಟು ಎದ್ದ ಬಿಳಿ ಉಂಗುರ, ಮಗು ಮೊಳೆಯಲ್ಲಿ ಕೊರೆದ ಅಕ್ಷರಮಾಲೆ, ನಾಯಿ ಕಚ್ಚಿದ ಕಾಲು (ಕುರ್ಚಿಯದು), ಯಾವುದೇ ತನ್ನಿ. ಉಪ್ಪುಕಾಗದ, ಮೇಣ, ಅರಗು, ಸ್ಪಿರಿಟ್ಟು, ಒಂದು ಹತ್ತಿ ಉಂಡೆ, ಇಷ್ಟಿದ್ದರೆ ಅವನಿಗೆ ಸಾಕು. ಸಾಮಾನು ವಾಪಸು ಪಡೆಯಲು ಬಂದ ಗಿರಾಕಿ ಕನ್ನಡಕ ಹಾಕಿಕೊಂಡು ಬಗ್ಗಿ ಹುಡುಕುತ್ತಾನೆ, ಸಿಗುವುದಿಲ್ಲ. "ಎಲ್ಲಿತ್ತು ಮಾರಾಯ್ರೇ?" ಎಂದು ಕೇಳುತ್ತಾನೆ. ಪಾಲಿಶಪ್ಪ ಅಮಾಯಕನಂತೆ ಮುಖ ಮಾಡಿ, "ಏನು ಎಲ್ಲಿತ್ತು?" ಎನ್ನುತ್ತಾನೆ. ಈ ಒಂದು ಪ್ರಶ್ನೆ ಕೇಳುವ ಸುಖಕ್ಕಾಗಿ ಅವನು ಅರ್ಧ ಕೂಲಿಗೂ ಕೆಲಸ ಮಾಡಿದ್ದುಂಟು.

ಕೆಲಸಕ್ಕೆ ಮುಂಚೆ ಫೋಟೋ ತೆಗೆಯುವುದಿಲ್ಲ ಎಂಬುದು ಅವನ ನೇಮ. "ಕಾಯಿಲೆ ಬಿದ್ದವರ ಫೋಟೋ ತೆಗೆದು ಗೋಡೆಗೆ ಹಾಕ್ತಾರೇನು?" ಎಂದು ಕೇಳುವನು. ಹೀಗಾಗಿ ಅವನ ಅಂಗಡಿಯ ಗೋಡೆಯ ತುಂಬ ಗುಣವಾದ ಮೇಲಿನ ಚಿತ್ರಗಳೇ. ಹೊಸದಾಗಿ ಬಂದವರಿಗೆ, ಈ ಮನುಷ್ಯ ಹಾಳಾಗದ ಸಾಮಾನುಗಳನ್ನು ಊರೂರು ಸುತ್ತಿ ಫೋಟೋ ಹಿಡಿಯುವವನಿರಬೇಕು ಅನಿಸುತ್ತದೆ.

ಇಂಥವನಿಗೆ ಸಿಕ್ಕ ಹೆಂಡತಿ ಆಸ್ಪತ್ರೆಯ ದಾಖಲೆ ಕೋಣೆಯ ಮುಖ್ಯಸ್ಥೆ. ಬರೆದಿಡದ ಜ್ವರ ಬಂದೇ ಇಲ್ಲ ಎಂಬುದು ಆಕೆಯ ಸಿದ್ಧಾಂತ. ಆಗಿದ್ದನ್ನು ಆಗಿಲ್ಲ ಅನ್ನಿಸುವುದು ಗಂಡನ ಕೆಲಸ, ಆಗಿದ್ದು ಆಗಿದೆ ಎಂದು ಮೂರು ಪ್ರತಿಯಲ್ಲಿ ಬರೆದಿಡುವುದು ಹೆಂಡತಿಯ ಕೆಲಸ. ಮೂವತ್ತೊಂದು ವರ್ಷ ಈ ಸಂಸಾರ ಹೇಗೆ ನಡೆಯಿತು ಅಂದರೆ, ಇಬ್ಬರೂ ಬೆಳಿಗ್ಗೆ ಎಂಟಕ್ಕೇ ಬೇರೆ ಬೇರೆ ದಿಕ್ಕಿಗೆ ಹೊರಡುತ್ತಿದ್ದರು.

ಮನೆಗೆ ವಿಮೆ ಮಾಡಿಸಿದ್ದು ಬಾಮೈದ. ಹೆಂಡತಿಯ ತಮ್ಮ, ವಿಮೆಯ ಏಜೆಂಟು. ಮಾತಿನಲ್ಲಿ ಗೆದ್ದರೂ ಕಾಫಿ ಕುಡಿಯದೆ ಏಳುವವನಲ್ಲ.

"ಪಾಲಿಶ್ ಮಾಡೋವ್ನ ಮನೆಗೆ ಪಾಲಿಸಿ ಯಾಕಯ್ಯಾ? ಏನು ಒಡೆದರೂ ನಾನೇ ಇದ್ದೀನಲ್ಲ," ಎಂದಿದ್ದ ಪಾಲಿಶಪ್ಪ.

"ಭಾವ, ನೀವು ಮರಕ್ಕೆ ಇದ್ದೀರಿ. ಇಟ್ಟಿಗೆಗೆ, ಬೆಂಕಿಗೆ, ನೀರಿಗೆ ಯಾರಿದ್ದಾರೆ? ಸಹಿ ಹಾಕಿ. ಹಾಕಿದ ಮೇಲೆ ಪಾಲಿಸಿ. ಹೆಸರಲ್ಲೇ ಇದೆ!"

ಸಹಿ ಬಿತ್ತು. ವರ್ಷಾವರ್ಷ ಕಂತು ಹೋಗುತ್ತಿತ್ತು. ಬಾಗಿಲು ಸೀಳಲಿ, ಕಿಟಕಿಯ ಚೌಕಟ್ಟು ಜೋಲಲಿ, ಹೆಂಡತಿ ಕಾಗದ ಹುಡುಕಿ ತೆಗೆಯುವಷ್ಟರಲ್ಲಿ ಪಾಲಿಶಪ್ಪ ಅದನ್ನು ಸರಿಮಾಡಿ ಕೈ ಒರೆಸಿಕೊಳ್ಳುತ್ತಿದ್ದ. "ದುಡ್ಡು ಕಟ್ಟೋರೂ ನಾವೇ, ಮುರಿದದ್ದು ಕಟ್ಟೋರೂ ನಾವೇ. ಇದೆಂಥಾ ಕಟ್ಟುಪಾಡು!" ಎಂದು ಆಕೆ ಸಿಡುಕುತ್ತಿದ್ದಳು.

ಒಂದು ಸಲ ಮಾತ್ರ ಪಾಲಿಶಪ್ಪನೇ ಕ್ಲೇಮ್ ಹಾಕಲು ಹೊರಟಿದ್ದ. ಪಕ್ಕದ ಮನೆಯ ಚೆಂಡು ಬಿದ್ದು ಕಿಟಕಿಯ ಗಾಜು ಒಡೆದಿತ್ತು. ಗಾಜಿಗೆ ಪಾಲಿಶ್ ನಡೆಯುವುದಿಲ್ಲವಲ್ಲ. "ಹನ್ನೊಂದು ವರ್ಷ ಕಟ್ಟಿದ್ದೀವಿ, ಒಂದು ಗಾಜಾದರೂ ಬರಲಿ," ಎಂದ. ಬಾಮೈದ ತಲೆ ಚಚ್ಚಿಕೊಂಡ.

"ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಡ್ತೀರಾ ಭಾವ? ಯಾವ ಕ್ಲೇಮೇ ಆಗ್ಲಿ, ಮೊದಲ ಒಂದಿಷ್ಟು ದುಡ್ಡು ನೀವೇ ಹೊರಬೇಕು ಅಂತ ಪಾಲಿಸೀಲಿ ಬರ್ದಿದೆ. ನಿಮ್ಮ ಗಾಜು ಅದರ ಅರ್ಧಕ್ಕೂ ಬರಲ್ಲ. ಅರ್ಜಿ ಹಾಕಿದ್ರೆ ಸಿಗೋದು ಸೊನ್ನೆ, ಹೋಗೋದು ಇಷ್ಟು ವರ್ಷ ಸುಮ್ಮನಿದ್ದಿದ್ದಕ್ಕೆ ಸಿಕ್ತಿರೋ ರಿಯಾಯಿತಿ. ನಿಮ್ಮ ಕೈಲಿ ಹೊರಕ್ಕಾಗದ ಪೆಟ್ಟು ಬಿದ್ದಾಗ ಕೂಗಿ, ಓಡಿ ಬರ್ತೀನಿ. ಅದೂ ಧಿಡೀರನೆ ಬಿದ್ದ ಪೆಟ್ಟಾಗಿರಬೇಕು. ದಿನಕ್ಕೊಂದು ಹನಿ ಸೋರಿ ಕೊಳೆತಿದ್ದು, ಹಳತಾಗಿ ಸವೆದಿದ್ದು, ಅದಕ್ಕೆಲ್ಲ ಕಂಪನಿ ಕಿವುಡು."

ಹೊರಲಾರದ ಪೆಟ್ಟು ಬಂದದ್ದು ಒಂದು ಭಾನುವಾರ. ಗಂಡ ಹೆಂಡತಿ ಊಟಕ್ಕೆಂದು ಹೊರಗೆ ಹೋಗಿದ್ದಾಗ ಮಹಡಿಯ ಬಚ್ಚಲಿನ ಪೈಪು ಸಿಡಿಯಿತು. ನಾಲ್ಕು ಗಂಟೆಗೆ ಬಂದು ಬಾಗಿಲು ತೆರೆದರೆ ನೀರೇ ಹೊರಗೆ ಬಂದು ಇವರನ್ನು ಎದುರುಗೊಂಡಿತು. ಕೆಳಗಿದ್ದದ್ದು ಮುಂಭಾಗದ ಕೋಣೆ. ನೆಲ, ಗೋಡೆಯ ಅರ್ಧ, ಚಾವಣಿ ಎಲ್ಲ ಮರದ ಹಲಗೆ. ಇಪ್ಪತ್ತು ವರ್ಷ ರಜಾದಿನಗಳನ್ನೆಲ್ಲ ಸುರಿದು ಪಾಲಿಶಪ್ಪ ಕನ್ನಡಿ ಮಾಡಿಟ್ಟಿದ್ದ ಕೋಣೆ. ಈಗ ನೆಲದ ಹಲಗೆಗಳು ಅಂಚೆತ್ತಿ ದೋಣಿಗಳಾಗಿದ್ದವು. ಗೋಡೆಗೆ ಬಿಳಿ ತೊನ್ನು ಹತ್ತಿತ್ತು. ಚಾವಣಿ ನಡುವೆ ಹೊಟ್ಟೆ ಬಿಟ್ಟುಕೊಂಡು ಜೋಲುತ್ತಿತ್ತು. ಚಾರ್ಜಿಗಿಟ್ಟು ಹೋಗಿದ್ದ ಹೆಂಡತಿಯ ಫೋನು ನೆಲದ ಮೇಲೆ ಜಲಸಮಾಧಿಯಾಗಿತ್ತು.

ಸೋಮವಾರ ಬೆಳಿಗ್ಗೆ ಮನೆ ಕಟ್ಟುವ ಮೇಸ್ತ್ರಿ ಬಂದು, ಕೋಲಿನಿಂದ ಚಾವಣಿ ತಟ್ಟಿ, ಎರಡು ಹೆಜ್ಜೆ ಹಿಂದೆ ಸರಿದ. "ಹಲಗೆ ಮೇಲೆ ಒಂದು ತೊಟ್ಟಿ ನೀರು ನಿಂತಿದೆ. ಭಾರಕ್ಕೆ ಒಳಗೆ ತೊಲೆ ಸೀಳಿರಬೇಕು. ಇದನ್ನ ಪೂರ್ತಿ ಇಳಿಸಿ ಹೊಸದು ಹಾಕ್ಬೇಕು. ಇಲ್ಲಾಂದ್ರೆ ಒಂದಿನ ಅದೇ ಇಳಿಯುತ್ತೆ, ನೀವು ಕೆಳಗಿರೋವಾಗ." ಖರ್ಚಿನ ಅಂದಾಜು ಬರೆದುಕೊಟ್ಟ. ಪಾಲಿಶಪ್ಪ ಒಂದು ವರ್ಷ ಬೀರು ಉಜ್ಜಿದರೂ ಆ ಮೊತ್ತ ಹುಟ್ಟುವಂತಿರಲಿಲ್ಲ. ಕ್ಲೇಮ್ ಬಂದರೆ ತಲೆಯ ಮೇಲೊಂದು ಚಾವಣಿ, ಬರದಿದ್ದರೆ ತಲೆಯ ಮೇಲೇ ಚಾವಣಿ.

ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ಬಾಮೈದ ಪಾಲಿಶಪ್ಪನ ಫೋನಿನಲ್ಲಿ ಕೂಗಾಡಿದ. "ಕಂಪನಿಗೆ ತಿಳಿಸಿದ್ದೀನಿ. ನಷ್ಟ ನೋಡೋಕೆ ಸರ್ವೇಯರ್ ಗುರುವಾರ ಬರ್ತಾರೆ. ನೀರು ನಿಲ್ಲಿಸಿ, ನೆಲ ಒರೆಸಿ, ಕರೆಂಟು ತೆಗೆಸಿ, ಫೋಟೋ ಹೊಡೀರಿ. ಅಷ್ಟೇ! ಮಿಕ್ಕಿದ್ದು ಏನೂ ಮುಟ್ಟಬೇಡಿ. ಭಾವ, ಕೇಳಿಸ್ತಾ? ಮುಟ್ಟ, ಬೇಡಿ."

"ಕೇಳಿಸ್ತು."

ಕರೆಂಟಿಲ್ಲದ ಮನೆಯಿಂದ ಹೆಂಡತಿ ತಮ್ಮನ ಮನೆಗೆ ಹೊರಟಳು. ಆಸ್ಪತ್ರೆಗೆ ಅಲ್ಲಿಂದಲೇ ಹೋಗುವುದೆಂದು ತೀರ್ಮಾನ. ಮನೆ ಕಾಯಲು ಗಂಡ. ಹೊಸ್ತಿಲಲ್ಲಿ ನಿಂತು ಆಕೆ ಕೇಳಿದಳು.

"ರೀ, ಫೋಟೋ ತೆಗೀತೀರಲ್ವಾ?"

"ತೆಗೀತೀನಿ ಕಣೇ."

"ಕೈ ಕಟ್ಟಿಕೊಂಡು ಕೂತಿರ್ತೀರಲ್ವಾ?"

"ಮಗು ಥರ ಕೂತಿರ್ತೀನಿ."

ಮಕ್ಕಳು ಹೇಗೆ ಕೂರುತ್ತವೆಂಬುದನ್ನು ಆ ಗಡಿಬಿಡಿಯಲ್ಲಿ ಆಕೆ ಯೋಚಿಸಲಿಲ್ಲ.

ಬೆಕ್ಕಿಗೆ ಹಾಲಿನ ಕಾವಲು ಕೊಟ್ಟಂತಾಯಿತು. ಸೋಮವಾರ ಮಧ್ಯಾಹ್ನದವರೆಗೆ ಪಾಲಿಶಪ್ಪ ನಿಜವಾಗಿಯೂ ಕೈ ಕಟ್ಟಿಯೇ ಕೂತಿದ್ದ. ಎದುರಿಗೆ ಗೋಡೆಯ ಮೇಲೆ ಅಂಗೈ ಅಗಲದ ಬಿಳಿ ಕಲೆ. ಅದು ಅವನನ್ನೇ ನೋಡುತ್ತಿತ್ತು. ಅವನು ಕುರ್ಚಿ ತಿರುಗಿಸಿ ಕೂತ. ಆ ಕಡೆ ಇನ್ನೊಂದು. ಕಣ್ಣು ಮುಚ್ಚಿದರೆ ಮೂಗಿಗೆ ಒದ್ದೆ ಮರದ ವಾಸನೆ. ವೈದ್ಯನ ಮುಂದೆ ಯಾರೋ ಕೆಮ್ಮುತ್ತಾ ಕೂತು, ಗುರುವಾರದವರೆಗೆ ನಾಡಿ ಹಿಡಿಯಕೂಡದು ಅಂದಂತೆ. 'ಇದೊಂದು ಕಲೆ. ಒಂದೇ ಒಂದು. ಇಷ್ಟು ದೊಡ್ಡ ಹಾನಿಯಲ್ಲಿ ಒಂದು ಕಲೆ ಕಮ್ಮಿಯಾದರೆ ಕಂಪನಿಗೆ ಗೊತ್ತಾಗುತ್ತದೆಯೆ?' ಎಂದುಕೊಂಡು ಸ್ಪಿರಿಟ್ಟಿನ ಸೀಸೆ ತೆಗೆದ.

ಕಲೆ ಹೋಯಿತು. ಆದರೆ ಆ ಜಾಗ ಹೊಳೆಯತೊಡಗಿದ ಮೇಲೆ ಪಕ್ಕದ ಜಾಗ ಇನ್ನೂ ಕೊಳಕಾಗಿ ಕಂಡಿತು. ಅದನ್ನೂ ಮಾಡಿದ. ಒದ್ದೆಗೆ ಬಿರಿದಿದ್ದ ಕಡೆಯೆಲ್ಲ ಪುಟ್ಟಿ ತುಂಬಿ ಬಣ್ಣ ಹೊಂದಿಸಿದ. ಮಂಗಳವಾರದ ಹೊತ್ತಿಗೆ ಗೋಡೆ ಮುಗಿದು ನೆಲಕ್ಕೆ ಇಳಿದ. ದೋಣಿಯಾಗಿದ್ದ ಒಂಬತ್ತು ಹಲಗೆ ಎಬ್ಬಿಸಿ, ತನ್ನಲ್ಲಿದ್ದ ಹಳೆಯ ಒಣ ಹಲಗೆ ಕೂರಿಸಿ, ಬಣ್ಣ ಹೊಂದಿಸಿ ಅರಗು ಎಳೆದ. ಬುಧವಾರ ಚಾವಣಿ. ಅದರಲ್ಲಿ ನಿಂತಿದ್ದ ನೀರು ಅಷ್ಟರಲ್ಲಿ ತಾನಾಗಿ ತೊಟ್ಟಿಕ್ಕಿ ಖಾಲಿಯಾಗಿತ್ತು. ಜ್ಯಾಕಿ ಕೊಟ್ಟು ಅದರ ಹೊಟ್ಟೆಯನ್ನು ಮೇಲಕ್ಕೊತ್ತಿ, ಉದ್ದನೆಯ ಸ್ಕ್ರೂ ತಿರುಗಿಸಿ, ಸ್ಕ್ರೂಗಳ ತಲೆಯ ಮೇಲೆ ಪುಟ್ಟಿ ತುಂಬಿ, ಪುಟ್ಟಿಯ ಮೇಲೆ ಕುಂಚದ ತುದಿಯಿಂದ ಮರದ ಎಳೆಗಳನ್ನು ಒಂದೊಂದಾಗಿ ಬರೆದ. ಸೀಳಿದ ತೊಲೆ ಒಳಗೆ ಸೀಳಿಯೇ ಇತ್ತು. ಹೊರಗೆ ಚಾವಣಿ ಮಾತ್ರ ಮದುಮಗನಂತೆ ಎದೆ ಸೆಟೆಸಿ ನಿಂತಿತ್ತು. ಸಂಜೆಯ ಬಿಸಿಲು ಕಿಟಕಿಯಿಂದ ಬಿದ್ದಾಗ ಕೋಣೆ ಝಗ್ಗೆಂದಿತು. ಫೋಟೋ ತೆಗೆಯಲು ಹೇಳಿದ್ದು ನೆನಪಾಯಿತು. ಬೇರೆ ಬೇರೆ ಕೋನದಿಂದ ನಾಲ್ಕು ತೆಗೆದ.

ಗುರುವಾರ ಹತ್ತು ಗಂಟೆಗೆ ಹೆಂಡತಿ ಸರ್ವೇಯರನ್ನು ಕರೆದುಕೊಂಡೇ ಬಂದಳು. ಸರ್ವೇಯರು ನಲವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ದಪ್ಪ ಫೈಲು, ಮುಖದಲ್ಲಿ ಮನೆಮನೆಯ ಸುಳ್ಳು ಕೇಳಿ ಬಂದ ದಣಿವು. ಕೋಣೆಯ ನಡುವೆ ನಿಂತು ಸುತ್ತ ಒಮ್ಮೆ ತಿರುಗಿ ನೋಡಿ ಆಕೆ ಕೇಳಿದಳು.

"ನೀರು ನುಗ್ಗಿದ್ದು ಯಾವ ರೂಮಿಗೆ?"

ಹೆಂಡತಿ ನೆಲ ನೋಡಿದಳು, ಚಾವಣಿ ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ಪಾಲಿಶಪ್ಪನ ಮುಖದಲ್ಲಿ ಆ ಹಳೆಯ ಅಮಾಯಕತೆ ತಾನಾಗಿ ಬಂದು ಕೂತಿತ್ತು. ನಾಲಿಗೆಯ ತುದಿಗೆ 'ಏನು ನೀರು?' ಬಂದಿತ್ತು, ಹೆಂಡತಿಯ ಕಣ್ಣು ಕಂಡು ನುಂಗಿಕೊಂಡ.

"ಇದೇ ರೂಮು ಮೇಡಂ," ಎಂದಳು ಹೆಂಡತಿ, ಹಲ್ಲು ಕಚ್ಚಿ.

"ಫೋಟೋ ಇದೆಯಾ?"

"ಇದೆ," ಎಂದು ಪಾಲಿಶಪ್ಪ ಉತ್ಸಾಹದಿಂದ ಫೋನು ಚಾಚಿದ.

ಆಕೆ ನಾಲ್ಕೂ ನೋಡಿದಳು. "ಚೆನ್ನಾಗಿದೆ. ಮನೆ ಮಾರೋಕಿಟ್ಟಾಗ ಬೇಕಾಗುತ್ತೆ." ಫೈಲಿನಿಂದ ಮೇಸ್ತ್ರಿಯ ಅಂದಾಜುಪಟ್ಟಿ ತೆಗೆದಳು. "ನಿಮ್ಮ ಕಾಗದದಲ್ಲಿ ಇಷ್ಟು ದೊಡ್ಡ ಹಾನಿ, ರೂಮಲ್ಲಿ ಇಷ್ಟು ದೊಡ್ಡ ಹೊಳಪು. ನಾನು ಯಾವುದನ್ನ ನಂಬಲಿ?"

ಚೀಲದಿಂದ ತೇವ ಅಳೆಯುವ ಯಂತ್ರ ತೆಗೆದಳು. ತುದಿಯಲ್ಲಿ ಎರಡು ಸೂಜಿ. ನೆಲಕ್ಕೆ ಬಗ್ಗಿದ್ದೇ ತಡ, ಪಾಲಿಶಪ್ಪ ಹಾರಿ ಅಡ್ಡ ಬಂದ.

"ಅಯ್ಯೋ, ಚುಚ್ಚಬೇಡಿ! ನಿನ್ನೆ ತಾನೇ ಅರಗು ಕೂತಿದೆ!"

"ಚುಚ್ಚಿಸಿಕೊಳ್ರೀ!" ಎಂದು ಹೆಂಡತಿ ಗುಡುಗಿದಳು.

ಸೂಜಿ ಇಳಿಯಿತು. ಇಳಿದದ್ದು ಹೊಸದಾಗಿ ಕೂರಿಸಿದ ಒಣ ಹಲಗೆಗೆ. "ಒಣಗಿದೆ," ಎಂದು ಆಕೆ ಬರೆದುಕೊಂಡಳು. ಇನ್ನೊಂದು ಕಡೆ ಚುಚ್ಚಿದಳು. ಅದೂ ಅವನೇ ಬದಲಾಯಿಸಿದ್ದು. "ಇದೂ ಒಣಗಿದೆ." ಪಾಲಿಶಪ್ಪ ಬಗ್ಗಿ ಆ ನಾಲ್ಕು ಸೂಜಿರಂಧ್ರಗಳನ್ನು ಬೆರಳಿನಿಂದ ಸವರಿದ. ಆಕೆ ಪೆನ್ನು ತೆಗೆದು, ಬರೆಯುತ್ತಾ ಓದಿದಳು. "ಹಾನಿ... ಕಂಡುಬಂದಿಲ್ಲ."

ಆ ಕ್ಷಣದವರೆಗೆ ಅವನು ಒಳಗೊಳಗೇ ಗೆಲ್ಲುತ್ತಲೇ ಇದ್ದ. ಊರೂರಿನ ಹಾನಿ ಹುಡುಕುವುದೇ ಕಸುಬಾದ ಹೆಂಗಸು ತನ್ನ ಕೆಲಸದೆದುರು ಸೋತಿದ್ದಳು! ಆದರೆ ಬರೆದದ್ದು ಕಿವಿಗೆ ಬಿದ್ದಾಗ ಮೇಲೆ ನೋಡಿದ. ಚಾವಣಿ ಹೊಳೆಯುತ್ತಿತ್ತು. ಅದರ ಕೆಳಗೆ, ಸರಿಯಾಗಿ ಸೀಳಿದ ತೊಲೆಯ ಕೆಳಗೆ, ಸೊಂಟಕ್ಕೆ ಕೈಯಿಟ್ಟು ಹೆಂಡತಿ ನಿಂತಿದ್ದಳು.

"ನೀನು ಈ ಕಡೆ ಬಾ," ಎಂದು ಅವಳ ತೋಳು ಹಿಡಿದು ಎಳೆದ. "ಮೇಡಂ, ಬರೀಬೇಡಿ. ಹಾನಿ ಇದೆ. ನಾನೇ ಮುಚ್ಚಿದೀನಿ. ಒಂದು ನಿಮಿಷ, ಸ್ಪಿರಿಟ್ ಹಾಕಿ ಉಜ್ಜಿದ್ರೆ ಎಲ್ಲಾ ಈಚೆ ಬರುತ್ತೆ."

"ಖಬರ್ದಾರ್!" ಸರ್ವೇಯರಮ್ಮ ಪೆನ್ನನ್ನೇ ಅಡ್ಡ ಹಿಡಿದಳು. "ಪೈಪು ಮಾಡಿದ ಹಾನಿಗೆ ಪಾಲಿಸಿ ಇದೆ. ಮನೆ ಯಜಮಾನ್ರು ಬೇಕಂತಲೇ ಮಾಡಿದ ಹಾನಿಗೆ ಇಲ್ಲ. ನೀವು ಈಗ ಒಂದು ಗೀರು ಹಾಕಿದ್ರೂ ಅದು ನಿಮ್ಮದೇ ಗೀರು."

ಮುಚ್ಚಿದ್ದೂ ತಪ್ಪು, ಬಿಚ್ಚಿದರೂ ತಪ್ಪು. ಪಾಲಿಶಪ್ಪ ಜೀವನದಲ್ಲಿ ಮೊದಲ ಸಲ ಕೈ ಚೆಲ್ಲಿ ನಿಂತ. ಕೈಯಿಂದ ತೋರಿಸುವಂತಿಲ್ಲ ಅಂದರೆ ಉಳಿದದ್ದು ಬಾಯಿ. ಆದರೆ ಯಾವ ಗಿರಾಕಿಗೂ, ಅಂಗಡಿಯ ಕೆಲಸದವರಿಗೂ, ಕೊನೆಗೆ ಹೆಂಡತಿಗೂ ಹೇಳದ ಗುಟ್ಟನ್ನು ಈಗ ಹೇಳಬೇಕಿತ್ತು.

"ಕಿಟಕಿ ಮುಚ್ಚು," ಎಂದ ಹೆಂಡತಿಗೆ. "ಮೇಡಂ, ಮೇಲಿಂದ ನೋಡಿದ್ರೆ ಯಾವ ಕೆಲಸವೂ ಚೆಂದವೇ. ನೆಲಕ್ಕೆ ಕೆನ್ನೆ ಇಟ್ಟು ನೋಡಿ."

ಸರ್ವೇಯರಮ್ಮ ಅನುಮಾನದಿಂದಲೇ ಮಂಡಿಯೂರಿದಳು. ಅವನು ಟಾರ್ಚನ್ನು ನೆಲದ ಮೇಲೆ ಮಲಗಿಸಿ ಹಚ್ಚಿದ. ಬೆಳಕು ಅಡ್ಡಡ್ಡ ಹರಿಯಿತು. ಕನ್ನಡಿಯಂತಿದ್ದ ನೆಲದಲ್ಲಿ ಕೂದಲೆಳೆಯಷ್ಟು ನೆರಳುಗಳು ಎದ್ದವು.

"ಆ ಗೆರೆ ಕಾಣ್ತಾ? ಅಲ್ಲಿಂದ ಒಂಬತ್ತು ಹಲಗೆ ಬೇರೆ. ನೀವು ಚುಚ್ಚಿದ್ದು ಅದಕ್ಕೇ. ಹತ್ತನೇದಕ್ಕೆ ಚುಚ್ಚಿ." ಹೇಳಿ ಕಣ್ಣು ಮುಚ್ಚಿಕೊಂಡ. ಚುಚ್ಚಿದಳು. ಯಂತ್ರ ಕೀಂಯ್ ಎಂದಿತು. "ಈಗ ಗೋಡೆ. ಬೆರಳ ಗೆಣ್ಣಲ್ಲಿ ಬಡೀರಿ. ಟಣ್ ಅಂದ್ರೆ ಮರ, ಡಬ್ ಅಂದ್ರೆ ನಾನು."

ಟಣ್, ಟಣ್, ಡಬ್. "ಇಲ್ಲಿ ನೀವು," ಎಂದಳು ಆಕೆ. ಧ್ವನಿಯಲ್ಲಿ ದಣಿವು ಕಡಿಮೆಯಾಗಿತ್ತು. ಡಬ್. "ಇಲ್ಲೂ ನೀವು. ಅಬ್ಬಾ, ಎಲ್ಲೆಲ್ಲೂ ನೀವೇ!"

ಮೊದಮೊದಲು ಮೈ ಹಿಡಿಯಾಗಿಸಿಕೊಂಡು ಹೇಳುತ್ತಿದ್ದವನಿಗೆ ಬರಬರುತ್ತಾ ಹುರುಪು ಹತ್ತಿತು. "ಅದಲ್ಲ, ಅದರ ಪಕ್ಕ. ಅದು ಸುಲಭದ್ದು, ಇದು ನೋಡಿ! ಪುಟ್ಟಿ ಮೇಲೆ ಎಳೆ ಬರೆದಿದೀನಿ, ನಿಜವಾದ ಎಳೆ ಇಷ್ಟು ಚೆಂದ ಇರಲ್ಲ. ಅಲ್ಲೇ ಮೋಸ ಗೊತ್ತಾಗೋದು." ಹೀಗೆ ಐವತ್ತನಾಲ್ಕು ಜಾಗ ತೋರಿಸಿದ. ಒಂದು ಕಡೆ ತಾನೇ ಹುಡುಕಲಾರದೆ ಮೂರು ಸಲ ಬಡಿದು ನೋಡಿ, "ಛೆ, ಎಷ್ಟು ಚೆನ್ನಾಗಿ ಮಾಡಿದೀನಿ!" ಎಂದು ನೊಂದುಕೊಂಡ.

"ತೆಗೆದ ಹಲಗೆ ಏನು ಮಾಡಿದ್ರಿ?"

"ಶೆಡ್ಡಲ್ಲಿದೆ. ಮರ ಎಸೀತಾರೇನು ಮೇಡಂ?"

"ಇದನ್ನ ಮೊದಲೇ ಬೊಗಳೋಕೆ..." ಎಂದು ಶುರುಮಾಡಿದ ಹೆಂಡತಿ, ಪರರ ಮುಂದೆ ಅಷ್ಟಕ್ಕೇ ನಿಲ್ಲಿಸಿದಳು. ಶೆಡ್ಡಿನಲ್ಲಿ ಒಂಬತ್ತೂ ಹಲಗೆ ಡೊಂಕು ಡೊಂಕಾಗಿ ಗೋಡೆಗೊರಗಿ ನಿಂತಿದ್ದವು. ಸರ್ವೇಯರಮ್ಮ ಅವುಗಳ ಫೋಟೋ ತೆಗೆದುಕೊಂಡು ಬಂದು, ಚಾವಣಿಯ ಒಂದು ಹಲಗೆಯತ್ತ ಬೆರಳು ತೋರಿಸಿದಳು. "ಅದನ್ನ ಇಳಿಸಿ. ನಾನು ಹೇಳಿ ಇಳಿಸಿದ್ರೆ ಅದು ಪರಿಶೀಲನೆ."

ಇಳಿಸಿದ. ಮೇಲೆ ಟಾರ್ಚು ಹಿಡಿದರೆ, ತೊಲೆ ಉದ್ದಕ್ಕೆ ಬಾಯಿ ಬಿಟ್ಟಿತ್ತು, ಕೈ ತೂರುವಷ್ಟು. ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು.

"ಸರಿ. ಇದು ಪೈಪಿಂದೇ, ಧಿಡೀರನೆ ಆಗಿದ್ದೇ," ಎಂದು ಹಳೆಯ ಸಾಲು ಹೊಡೆದುಹಾಕಿ ಬರೆಯತೊಡಗಿದಳು. ಬರೆಯುತ್ತಲೇ ಕೇಳಿದಳು. "ಇದಕ್ಕೂ ಮುಂಚೆ ಇಲ್ಲೆಲ್ಲಾದರೂ ನೀರಿನ ಕಲೆ ಇತ್ತಾ?"

ಹೆಂಡತಿ ತಟ್ಟನೆ, "ಇಲ್ಲ ಮೇಡಂ," ಎಂದಳು. ಅವಳಿಗೆ ತಿಳಿದಮಟ್ಟಿಗೆ ಅದು ಸತ್ಯವೇ.

ಪಾಲಿಶಪ್ಪ ಗಂಟಲು ಸರಿಮಾಡಿಕೊಂಡ. ಸುಮ್ಮನಿದ್ದರೆ ಮುಗಿದಿತ್ತು. ಆದರೆ ಬೆಳಗಿನಿಂದ ಐವತ್ತನಾಲ್ಕು ಸಲ ನಿಜ ಹೇಳಿದ ಬಾಯಿ. ಐವತ್ತೈದನೆಯದಕ್ಕೆ ಬ್ರೇಕು ಹಾಕಲು ಆಗಲಿಲ್ಲ. "ಆ ಮೂಲೇಲಿ ಇತ್ತು. ಕಿಟಕಿ ಪಕ್ಕ. ಎರಡು ವರ್ಷದಿಂದ ಹೊರಗಿನ ಮಳೆನೀರಿನ ದೋಣಿ ಸೋರ್ತಾ ಇದೆ. ಮೂರು ಸಲ ಮುಚ್ಚಿದೀನಿ."

ಅದು ಹೆಂಡತಿ ದಿನಾ ಕೂತು ಪತ್ರಿಕೆ ಓದುವ ಮೂಲೆ.

"ಹಾಗಾದ್ರೆ ಆ ಮೂಲೆ ಬಿಟ್ಟು," ಎಂದು ಸರ್ವೇಯರಮ್ಮ ಗೆರೆ ಎಳೆದಳು. "ಸೋರಿ ಸೋರಿ ಆಗಿದ್ದಕ್ಕೆ ಬರಲ್ಲ. ಮಿಕ್ಕಿದ್ದಕ್ಕೆ ಬರೀತೀನಿ. ನೀವು ಮಾಡಿದ ಕೆಲಸಕ್ಕೂ ಬಿಲ್ ಕಳಿಸಿ."

"ನನ್ನ ಮನೆ ಕೆಲಸಕ್ಕೆ ನಾನೇ ಬಿಲ್ಲಾ?"

"ಅದನ್ನ ನಾನು ಕಳಿಸ್ತೀನಿ," ಎಂದಳು ಹೆಂಡತಿ.

ಹೊರಡುವಾಗ ಸರ್ವೇಯರಮ್ಮ ಬಾಗಿಲ ಚೌಕಟ್ಟನ್ನು ಅಭ್ಯಾಸಬಲದಿಂದ ಗೆಣ್ಣಿನಲ್ಲಿ ಒಮ್ಮೆ ಬಡಿದು ನೋಡಿದಳು. ಡಬ್ ಎಂದಿತು. ನಕ್ಕು ಹೊರಟುಹೋದಳು.

ಮೂರು ವಾರಕ್ಕೆ ಕಂಪನಿಯ ಕಾಗದ ಬಂತು. ಚಾವಣಿಗೆ, ತೊಲೆಗೆ, ನೆಲಕ್ಕೆ ಒಪ್ಪಿಗೆ. ಇವರೇ ಹೊರಬೇಕಾದ ಮೊದಲ ಒಂದಿಷ್ಟು ದುಡ್ಡು ಕಳೆದು, ಮರದ ವಯಸ್ಸಿಗೆ ಒಂದಿಷ್ಟು ಕಳೆದು, ಕಿಟಕಿ ಪಕ್ಕದ ಮೂಲೆಗೆ ಸೊನ್ನೆ. ಮೇಸ್ತ್ರಿಗೆ ಕೊಡಲು ಹೆಚ್ಚುಕಮ್ಮಿ ಸಾಕಾಗುತ್ತಿತ್ತು. ಪಾಲಿಶಪ್ಪ ಉಸ್ಸಪ್ಪಾ ಎಂದು ಕುರ್ಚಿಗೆ ಒರಗಿದ. ಹೆಂಡತಿ ಕಾಗದವನ್ನು ಎರಡು ಸಲ ಓದಿ, ಮಡಿಸಿ, ಫೈಲಿಗೆ ಸೇರಿಸಿದಳು. ಆಮೇಲೆ ಎದ್ದು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನೋಟ್‌ಬುಕ್ಕು ಹಿಡಿದು ಬಂದಳು.

"ಎರಡು ವರ್ಷ ಆ ಮೂಲೇಲಿ ಕೂತಿದ್ದೀನಿ, ನನಗೆ ಗೊತ್ತಾಗಿಲ್ಲ. ಈ ಮನೇಲಿ ಇನ್ನೂ ಏನೇನು ಮುಚ್ಚಿಟ್ಟಿದ್ದೀರಿ? ಏಳಿ. ಒಂದೊಂದೇ ತೋರಿಸಿ."

"ಈಗ ಯಾಕೆ ಕಣೇ ಅದೆಲ್ಲಾ..."

"ಮುಂದಿನ ಸಲ ಸಿಡಿದಾಗ ಹಳೇದು ಯಾವ್ದು, ಹೊಸದು ಯಾವ್ದು ಅಂತ ಕೇಳ್ತಾರೆ. ಏಳ್ರೀ."

ಎದ್ದ. ಊಟದ ಮೇಜು: ಇಸ್ತ್ರಿಪೆಟ್ಟಿಗೆ ಸುಟ್ಟದ್ದು, ಹದಿನಾಲ್ಕು ವರ್ಷ. ಬರೆದುಕೊಂಡಳು. ಮೆಟ್ಟಿಲ ಕೈಹಿಡಿ: ಬೀರು ಸಾಗಿಸುವಾಗ ತಾಗಿದ್ದು, ಬಾಮೈದನ ಕೃಪೆ. ಬರೆದುಕೊಂಡಳು. ಪುಸ್ತಕದ ಕಪಾಟು, ಹೊಸ್ತಿಲು, ಗಡಿಯಾರದ ಪೆಟ್ಟಿಗೆ. ಆಕೆ ಟಾರ್ಚು ಮಲಗಿಸುವ ರೀತಿ ನೋಡಿ ಪಾಲಿಶಪ್ಪನಿಗೆ ದಿಗಿಲಾಯಿತು. ಒಂದೇ ಸಂಜೆಯಲ್ಲಿ ಪಳಗಿಬಿಟ್ಟಿದ್ದಳು. ಮಲಗುವ ಕೋಣೆಯಲ್ಲಿ ಮಂಚದ ತಲೆಹಲಗೆಗೆ ಬೆಳಕು ಅಡ್ಡ ಹಿಡಿದು, ಬೆರಳಾಡಿಸಿ, ನಿಂತಳು.

"ಇದೇನಿದು?"

"ಅದಾ? ಅದು ಬಹಳ ಹಳೇದು. ಬಿಡು."

"ವರ್ಷ?"

"ನಮ್ಮ ಮದುವೆ ಆದ ವರ್ಷ."

"ಕಾರಣ?"

ಪಾಲಿಶಪ್ಪ ಹಲಗೆಯನ್ನು ನೋಡುತ್ತಾ ತಲೆ ಕೆರೆದುಕೊಂಡ. "ನೀನು ನನ್ನ ಕಡೆಗೆ ಹಿತ್ತಾಳೆ ಬಾಚಣಿಗೆ ಎಸೆದಿದ್ದೆ. ನಾನು ಬಗ್ಗಿದೆ."

ಪೆನ್ಸಿಲು ಕಾಗದದ ಮೇಲೆ ನಿಂತೇ ಇತ್ತು.

"ಬರ್ಕೊಳ್ಳಲ್ವಾ?" ಎಂದು ಕೇಳಿದ.

"ಮೊನೆ ಮುರಿದಿದೆ," ಎಂದು ಆಕೆ ಟಾರ್ಚನ್ನು ಬೀರುವಿನ ಕಡೆ ತಿರುಗಿಸಿದಳು. "ಮುಂದಿನದು ತೋರಿಸಿ."